ಆಫೀಸ್ ಮೇಲ್ ಸರ್ವರ್‌ನಲ್ಲಿ ಎಲ್ಲರ ಪಾಸ್‌ವರ್ಡ್ ರೀಸೆಟ್: ಮಾಡಿದ ಕೆಲಸದ ಲಾಗ್

ಸೆಟಪ್ ಏನು ಅಂತ ಮೊದ್ಲು ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ತಲೆಗೆ ಹೋಗಲ್ಲ. ಡೆಬಿಯನ್ 12 (ಲಿನಕ್ಸ್) ಮೇಲೆ ಮೇಲ್ ಕಳಿಸೋ ಎಸ್‌ಎಂಟಿಪಿಗೆ ಪೋಸ್ಟ್‌ಫಿಕ್ಸ್, ಬಂದ ಮೇಲ್ ಓದೋ ಐಮ್ಯಾಪ್‌ಗೆ ಡವ್‌ಕಾಟ್ 2.3, ಯೂಸರ್‌ಗಳ ಟೇಬಲ್ ಮರಿಯಾಡಿಬಿ ಅನ್ನೋ ಡೇಟಾಬೇಸ್ ಒಳಗೆ, ಬ್ರೌಸರ್‌ನಲ್ಲಿ ಮೇಲ್ ನೋಡೋ ವೆಬ್‌ಮೇಲ್‌ಗೆ ರೌಂಡ್‌ಕ್ಯೂಬ್, ಎಲ್ಲಾ ಒಂದೇ ಮಷಿನ್‌ನಲ್ಲಿ. ಪೋಸ್ಟ್‌ಫಿಕ್ಸ್ ತಾನಾಗಿ ಪಾಸ್‌ವರ್ಡ್ ಚೆಕ್ ಮಾಡಲ್ಲ, 587 ಅಥವಾ 465 ಪೋರ್ಟಲ್ಲಿ ಯಾರಾದ್ರೂ ಲಾಗಿನ್ ಆಗೋಕೆ ಬಂದ್ರೆ ಡವ್‌ಕಾಟ್‌ನ ಕೇಳತ್ತೆ. ಅಂದ್ರೆ ಪಾಸ್‌ವರ್ಡ್ ಅನ್ನೋದು ಇರೋದು ಒಂದೇ ಕಡೆ, ಮರಿಯಾಡಿಬಿ ಟೇಬಲ್‌ನ ಒಂದು ಕಾಲಂನಲ್ಲಿ. ಒಂದು ಅಪ್‌ಡೇಟ್ ಕ್ವೆರಿ ಹೊಡೆದ್ರೆ ಮುಗೀತಲ್ಲ ಅನ್ಸತ್ತೆ. ಆದ್ರೆ ಇಡೀ ಕೆಲಸದಲ್ಲಿ ಆ ಕ್ವೆರಿನೇ ಎಲ್ಲಕ್ಕಿಂತ ಚಿಕ್ಕದು. ಹಳೇ ಪಾಸ್‌ವರ್ಡ್ ಇನ್ನೂ ಎಲ್ಲೆಲ್ಲಿ ಉಸಿರಾಡ್ತಾ ಇದೆ ಅಂತ ಹುಡುಕೋದು, ಹೊಸದನ್ನ ಸರಿಯಾದ ಮನುಷ್ಯರ ಕೈಗೇ ತಲುಪಿಸೋದು, ಟೈಮ್ ಎಲ್ಲಾ ಹೋಗೋದು ಇಲ್ಲೇ, ಇದನ್ನ ಬಿಟ್ಟು ಬರೀ ಹ್ಯಾಶ್ (ವಾಪಸ್ ಬಿಡಿಸೋಕಾಗದ ಹಾಗೆ ಕಲಸಿ ಟೇಬಲ್‌ನಲ್ಲಿ ಇಟ್ಟ ಪಾಸ್‌ವರ್ಡ್ ರೂಪ) ಬದಲಾಯಿಸಿದ್ರೆ ರೀಸೆಟ್ ಮಾಡಿದ ಹಾಗೇ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಶುರು ಆಗಿದ್ದು ಸ್ಪ್ಯಾಮ್‌ನಿಂದ. ಒಂದು ಮೇಲ್‌ಬಾಕ್ಸಿಂದ ರಾತ್ರಿ ಪೂರ್ತಿ ಹೊರಗಡೆಗೆ ಮೇಲ್ ಹೋಗ್ತಾ ಇತ್ತು, ಬೆಳಿಗ್ಗೆ ಕ್ಯೂ (ಹೊರಗೆ ಹೋಗೋಕೆ ಕಾಯ್ತಿರೋ ಮೇಲ್‌ಗಳ ಸಾಲು) ನೋಡಿದ್ರೆ ತುಂಬಿ ತುಳುಕ್ತಾ ಇದೆ. ಇಂಥ ಟೈಮಲ್ಲಿ ಯಾರ ಅಕೌಂಟು ಅಂತ ಊಹೆ ಮಾಡೋದು ಬೇಡ, ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಪ್ರತಿ ಲಾಗಿನ್ ಆದ ಮೇಲ್‌ಗೂ ಸಾಸಲ್ ಯೂಸರ್‌ನೇಮ್ ಅಂತ ಒಂದು ಫೀಲ್ಡ್ ಇರತ್ತೆ, ಅದನ್ನ ಗ್ರೆಪ್ ಮಾಡಿ, ಅಂದ್ರೆ ಲಾಗ್‌ನಲ್ಲಿ ಹುಡುಕಿ ತೆಗೆದು, ಎಣಿಸಿ ಸಾರ್ಟ್ ಮಾಡಿದ್ರೆ ಮೊದಲನೇ ಲೈನಲ್ಲೇ ಹೆಸರು ಬರತ್ತೆ. ಫ್ರಮ್ ಅಡ್ರೆಸ್ ನೋಡ್ಕೊಂಡು ತೀರ್ಮಾನ ಮಾಡ್ಬಾರ್ದು, ಅದನ್ನ ಸುಳ್ಳು ಬರೆಯೋದು ಸುಲಭ. ಬಂದ ಹೆಸರು ಸ್ಟೋರ್ಸ್ ವಿಭಾಗದ ಒಬ್ಬರದ್ದು, ಪಾಪ ಅವರಿಗೆ ಏನೂ ಗೊತ್ತೇ ಇಲ್ಲ.

ಇಲ್ಲಿ ಮಾಡೋ ಕೆಲಸದ ಆರ್ಡರ್ ಮುಖ್ಯ. ಮೊದ್ಲು ಟೇಬಲ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದೆ. ಆಮೇಲೆ ಡವ್‌ಕಾಟ್‌ನ ಅಡ್ಮಿನ್ ಕಮಾಂಡ್ ಡವ್‌ಅಡ್ಮ್‌ನಲ್ಲಿ ಆಥ್ ಕ್ಯಾಶ್ ಫ್ಲಶ್ ಅಂತ ಆ ಯೂಸರ್ ಹೆಸರು ಕೊಟ್ಟು ಕ್ಯಾಶ್ (ಡವ್‌ಕಾಟ್ ನೆನಪಲ್ಲಿ ಇಟ್ಕೊಂಡಿರೋ ಲಾಗಿನ್ ಮಾಹಿತಿ) ಖಾಲಿ ಮಾಡಿದೆ. ಅದಾದ ಮೇಲೆ ಡವ್‌ಅಡ್ಮ್ ಕಿಕ್ ಹೊಡೆದು ಓಪನ್ ಇದ್ದ ಐಮ್ಯಾಪ್ ಕನೆಕ್ಷನ್ ಎಲ್ಲಾ ಬೀಳಿಸಿದೆ. ಇದನ್ನ ಉಲ್ಟಾ ಮಾಡಿ ಮೊದ್ಲು ಕಿಕ್ ಮಾಡಿದ್ರೆ ಆ ಕಡೆಯವನ ಪ್ರೋಗ್ರಾಂ ಒಂದು ಸೆಕೆಂಡಲ್ಲಿ ಹಳೇ ಪಾಸ್‌ವರ್ಡ್‌ನಲ್ಲೇ ವಾಪಸ್ ಬಂದು ಕೂತಿರತ್ತೆ. ಪಾಸ್‌ವರ್ಡ್ ಬದಲಾಯಿಸಿದ ತಕ್ಷಣ ಹಳೇ ಸೆಷನ್ ಸಾಯತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಸಾಯಲ್ಲ, ಐಮ್ಯಾಪ್‌ನಲ್ಲಿ ಪಾಸ್‌ವರ್ಡ್ ಕೇಳೋದು ಕನೆಕ್ಷನ್ ಶುರುವಾಗೋವಾಗ ಒಂದೇ ಸಲ, ಒಳಗೆ ಬಂದ ಮೇಲೆ ಗಂಟೆಗಟ್ಟಲೆ ಹಾಗೇ ಇರಬಹುದು, ಫೋನುಗಳಂತೂ ಐಡಲ್ ಅಂತ ಕನೆಕ್ಷನ್ ಹಿಡ್ಕೊಂಡು ಕೂತಿರ್ತಾವೆ. ಯಾರು ಎಲ್ಲಿಂದ ಒಳಗಿದ್ದಾರೆ ಅಂತ ನೋಡೋಕೆ ಡವ್‌ಅಡ್ಮ್ ಹೂ ಇದೆ, ಯೂಸರ್ ಹೆಸರು, ಪ್ರೋಟೋಕಾಲ್, ಐಪಿ ಎಲ್ಲಾ ತೋರಿಸತ್ತೆ. ಕಿಕ್ ಮಾಡೋಕೆ ಮುಂಚೆ ಅದರ ಔಟ್‌ಪುಟ್ ಒಂದು ಫೈಲಿಗೆ ಸೇವ್ ಮಾಡ್ಕೊಳ್ಳಿ, ಆಮೇಲೆ ಆ ಐಪಿ ಬೇಕಾಗತ್ತೆ.

ಎಸ್‌ಎಂಟಿಪಿ ಕಡೆ ಕಿಕ್ ಅನ್ನೋದು ಇಲ್ಲ. ಆ ಐಪಿಯನ್ನ ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿ ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದೆ. ಕ್ಯೂನಲ್ಲಿ ಇದ್ದದ್ದನ್ನ ಸೀದಾ ಡಿಲೀಟ್ ಮಾಡ್ಲಿಲ್ಲ, ಕ್ಯೂ ನೋಡ್ಕೊಳ್ಳೋ ಕಮಾಂಡ್ ಪೋಸ್ಟ್‌ಸೂಪರ್‌ಗೆ ಮೈನಸ್ ಸ್ಮಾಲ್ ಹೆಚ್ ಕೊಟ್ಟು ಎಲ್ಲಾನೂ ಹೋಲ್ಡಿಗೆ ಹಾಕಿದೆ. ಅದರ ಮಧ್ಯೆ ಬೇರೆ ಜನರ ನಿಜವಾದ ಮೇಲ್‌ಗಳೂ ಸಿಕ್ಕಾಕೊಂಡಿರ್ತಾವೆ, ಕೊಟೇಶನ್ ಇರತ್ತೆ, ಪೇಮೆಂಟ್ ವಿಷಯ ಇರತ್ತೆ, ಅವನ್ನ ಸ್ಪ್ಯಾಮ್ ಜೊತೆ ಕಸಕ್ಕೆ ಹಾಕೋದು ತಪ್ಪು. ಆ ಒಂದು ಅಕೌಂಟಿಂದ ಬಂದದ್ದನ್ನ ಮಾತ್ರ ಬೇರೆ ಮಾಡಿ ಡಿಲೀಟ್, ಉಳಿದದ್ದು ಕ್ಯಾಪಿಟಲ್ ಹೆಚ್ ಕೊಟ್ಟು ರಿಲೀಸ್.

ಇನ್ನೊಂದು ಜಾಗ ನೋಡೋದು ತುಂಬಾ ಜನ ಮರೀತಾರೆ, ಅದು ಸೀವ್ ಫಿಲ್ಟರ್, ಬಂದ ಮೇಲ್‌ನ ಏನು ಮಾಡ್ಬೇಕು ಅಂತ ಮೇಲ್‌ಬಾಕ್ಸ್‌ಗೆ ಬರೆದಿಡೋ ರೂಲುಗಳು. ಒಳಗೆ ನುಗ್ಗಿದವರು ಎಷ್ಟೋ ಸಲ ಒಂದು ಫಾರ್ವರ್ಡ್ ರೂಲ್ ಬಿಟ್ಟು ಹೋಗ್ತಾರೆ, ಇನ್‌ವಾಯ್ಸ್ ಅಂತ ಸಬ್ಜೆಕ್ಟ್ ಇದ್ರೆ ಹೊರಗಿನ ಒಂದು ಅಡ್ರೆಸ್‌ಗೆ ಕಾಪಿ ಹೋಗೋ ಹಾಗೆ, ಇಲ್ಲಾ ಬ್ಯಾಂಕಿನ ಮೇಲ್ ಬಂದ ತಕ್ಷಣ ಯಾರೂ ನೋಡದ ಫೋಲ್ಡರಿಗೆ ಹೋಗೋ ಹಾಗೆ. ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದ್ರೂ ಆ ರೂಲ್ ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇರತ್ತೆ, ಯಾಕಂದ್ರೆ ಅದು ಓಡೋದು ಮೇಲ್ ಡೆಲಿವರಿ ಆಗೋವಾಗ, ಲಾಗಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಸ್ಟೋರ್ಸ್‌ನವರ ಮೇಲ್‌ಬಾಕ್ಸ್‌ನಲ್ಲಿ ಅಂಥದ್ದು ಸಿಗ್ಲಿಲ್ಲ. ಆದ್ರೂ ಎಲ್ಲಾ ಮೇಲ್‌ಬಾಕ್ಸ್‌ಗಳ ಸೀವ್ ಫೈಲುಗಳಲ್ಲಿ ರೀಡೈರೆಕ್ಟ್ ಅನ್ನೋ ಪದ ಹುಡುಕಿ, ಬಂದ ಪ್ರತಿ ಅಡ್ರೆಸ್ ಯಾರದ್ದು ಅಂತ ಅವರವರನ್ನೇ ಕೇಳಿದೆ.

ಯಾಕೆ ಎಲ್ಲರದ್ದೂ ರೀಸೆಟ್ ಮಾಡೋ ತೀರ್ಮಾನಕ್ಕೆ ಬಂದ್ವಿ ಅಂದ್ರೆ, ಟೇಬಲ್ ತೆಗೆದು ನೋಡಿದಾಗ ಕಂಡ ದೃಶ್ಯ ಹಾಗಿತ್ತು. ಕೆಲವು ಪಾಸ್‌ವರ್ಡ್ ಮುಂದೆ ಪ್ಲೇನ್ ಅನ್ನೋ ಹಣೆಪಟ್ಟಿ, ಅಂದ್ರೆ ಹ್ಯಾಶೇ ಇಲ್ಲ, ಅಕ್ಷರ ಅಕ್ಷರ ಹಾಗೇ ಬರೆದಿಟ್ಟಿದ್ದಾರೆ. ತುಂಬಾ ಅಕೌಂಟ್‌ಗಳು ಡಾಲರ್ ಒಂದು ಡಾಲರ್ ಅಂತ ಶುರು ಆಗೋ ಹಳೇ ಹ್ಯಾಶ್ ರೀತಿ, ಎಂಡಿ5 ಕ್ರಿಪ್ಟ್. ಇತ್ತೀಚಿನವು ಮಾತ್ರ ಡಾಲರ್ ಆರು ಡಾಲರ್, ಅದು ಎಸ್‌ಎಚ್‌ಎ512 ಕ್ರಿಪ್ಟ್. ಅದಕ್ಕಿಂತ ಬೇಜಾರಾಗಿದ್ದು, ಓದೋಕೆ ಸಿಕ್ಕ ಪಾಸ್‌ವರ್ಡ್ ಎಲ್ಲಾ ಒಂದೇ ಅಚ್ಚು, ಹೆಸರು, ಅಟ್ ಸಿಂಬಲ್, ಸೇರಿದ ವರ್ಷ. ಒಬ್ಬರದ್ದು ಸಿಕ್ಕವನಿಗೆ ಕಂಪನಿ ವೆಬ್‌ಸೈಟಲ್ಲಿ ಹೆಸರುಗಳ ಪಟ್ಟಿ ಇದ್ರೆ ಉಳಿದವರದ್ದು ಊಹೆ ಮಾಡೋಕೆ ಎಷ್ಟೊತ್ತು ಬೇಕು. ಸೋ ಒಬ್ಬರದ್ದು ಸರಿ ಮಾಡಿ ಸುಮ್ನಾಗೋದ್ರಲ್ಲಿ ಅರ್ಥ ಇರ್ಲಿಲ್ಲ.

ಕ್ವೆರಿಗೆ ಕೈ ಹಾಕೋಕೆ ಮುಂಚೆ ನೋಡಿದ್ದು

ಒಂದು, ಮೇಲ್ ಕ್ರಿಪ್ಟ್ ಪ್ಲಗಿನ್ ಆನ್ ಇದೆಯಾ ಅಂತ. ಡವ್‌ಕಾಟ್‌ನಲ್ಲಿ ಮೇಲ್‌ಗಳನ್ನ ಎನ್‌ಕ್ರಿಪ್ಟ್ ಮಾಡಿ ಇಡೋ ವ್ಯವಸ್ಥೆ ಇದು, ಅದರಲ್ಲಿ ಯೂಸರ್‌ನ ಪ್ರೈವೇಟ್ ಕೀಯನ್ನ ಅವರ ಪಾಸ್‌ವರ್ಡ್‌ನಿಂದಲೇ ಲಾಕ್ ಮಾಡಿಟ್ಟಿದ್ರೆ, ಅಡ್ಮಿನ್ ಹೋಗಿ ಟೇಬಲ್‌ನಲ್ಲಿ ಪಾಸ್‌ವರ್ಡ್ ಮಾತ್ರ ಬದಲಾಯಿಸಿದ್ರೆ ಕೀ ಓಪನ್ ಆಗಲ್ಲ, ಹಳೇ ಮೇಲ್ ಒಂದೂ ಓದೋಕಾಗಲ್ಲ. ಹಳೇ ಪಾಸ್‌ವರ್ಡ್ ಗೊತ್ತಿದ್ರೆ ಕೀಯ ಪಾಸ್‌ವರ್ಡ್‌ನೂ ಬದಲಾಯಿಸೋ ಕಮಾಂಡ್ ಇದೆ, ಗೊತ್ತಿಲ್ಲದಿದ್ರೆ ಮೇಲ್ ಹೋಯ್ತು ಅಂತಾನೇ. ನಮ್ಮಲ್ಲಿ ಆ ಪ್ಲಗಿನ್ ಇಲ್ಲ. ಬೇರೆಯವರು ಸೆಟಪ್ ಮಾಡಿದ ಸರ್ವರ್ ನಿಮ್ಮ ಕೈಗೆ ಬಂದಿದ್ರೆ ಮಾತ್ರ ಇದನ್ನ ನೋಡದೆ ರೀಸೆಟ್‌ಗೆ ಕೈ ಹಾಕ್ಬೇಡಿ.

ಎರಡು, ಕಾಲಂ ಉದ್ದ. ನಮ್ಮ ಟೇಬಲ್‌ನಲ್ಲಿ ಪಾಸ್‌ವರ್ಡ್ ಕಾಲಂ ವಾರ್‌ಕ್ಯಾರ್ 128, ಅಂದ್ರೆ 128 ಅಕ್ಷರದವರೆಗೆ ಹಿಡಿಯೋ ಹಾಗೆ ಇತ್ತು. ಎಸ್‌ಎಚ್‌ಎ512 ಕ್ರಿಪ್ಟ್ ಹ್ಯಾಶ್ 106 ಅಕ್ಷರ ಬರತ್ತೆ, ಮುಂದೆ ಹೂಬ್ರಾಕೆಟ್‌ನಲ್ಲಿ ಸ್ಕೀಮ್ (ಯಾವ ರೀತಿಯ ಹ್ಯಾಶ್ ಅನ್ನೋದು) ಹೆಸರು ಸೇರಿದ್ರೆ 120, ಅಲ್ಲಿಗಲ್ಲಿಗೆ ಹಿಡಿಯತ್ತೆ. ಹಳೇ ಟೇಬಲ್‌ಗಳಲ್ಲಿ 64 ಅಂತ ಇಟ್ಟಿರೋದು ಉಂಟು, ಅಲ್ಲಿ ಸ್ಟ್ರಿಕ್ಟ್ ಮೋಡ್ ಆಫ್ ಇದ್ರೆ ಡೇಟಾಬೇಸ್ ಸದ್ದಿಲ್ಲದೆ ಬಾಲ ಕತ್ತರಿಸಿ ಇಟ್ಕೊಳ್ಳತ್ತೆ, ಬರೀ ವಾರ್ನಿಂಗ್, ಆಮೇಲೆ ಯಾರಿಗೂ ಲಾಗಿನ್ ಆಗಲ್ಲ. ಮರಿಯಾಡಿಬಿ 10.2.4 ರಿಂದ ಸ್ಟ್ರಿಕ್ಟ್ ಮೋಡ್ ಡೀಫಾಲ್ಟ್ ಆಗಿ ಆನ್ ಇರೋದ್ರಿಂದ ಈಗ ಎರರ್ ಬರತ್ತೆ, ಆದ್ರೂ ಕಾಲಂನ 255 ಮಾಡಿಬಿಟ್ಟೆ, ಮುಂದೆ ಬೇರೆ ಸ್ಕೀಮ್‌ಗೆ ಹೋದ್ರೂ ತೊಂದ್ರೆ ಇಲ್ಲ.

ಮೂರನೇದು ಸ್ಕೀಮ್ ಯಾವುದು ಅನ್ನೋದು. ಈಗ ಎಲ್ಲರೂ ಹೇಳೋದು ಆರ್ಗನ್2ಐಡಿ, ಅದೇ ಒಳ್ಳೇದು ಕೂಡ. ಆದ್ರೆ ಅದು ಬೇಕಂತಲೇ ಮೆಮೊರಿ ತಿನ್ನೋ ಹಾಗೆ ಮಾಡಿರೋದು, ಡವ್‌ಕಾಟ್‌ನ ಆಥ್ ಸರ್ವೀಸ್‌ಗೆ ವಿಎಸ್‌ಝೆಡ್ ಲಿಮಿಟ್‌ನ (ಮೆಮೊರಿ ಬಳಕೆಯ ಮಿತಿ) ಸೊನ್ನೆ, ಅಂದ್ರೆ ಮಿತಿಯೇ ಇಲ್ಲದ ಹಾಗೆ, ಇಲ್ಲಾ ಕನಿಷ್ಠ 2 ಜಿಬಿ ಮಾಡ್ಬೇಕು ಅಂತ ಅವರ ಡಾಕ್ಯುಮೆಂಟೇಶನ್ನೇ ಹೇಳತ್ತೆ. ನಮ್ಮ ಮಷಿನ್‌ನಲ್ಲಿ ರ‍್ಯಾಮ್ ಅಷ್ಟಕ್ಕಷ್ಟೇ, ಅದಕ್ಕೆ ಬಿಕ್ರಿಪ್ಟ್ ಆಯ್ಕೆ ಮಾಡಿದೆ, ಡವ್‌ಕಾಟ್ ಅದನ್ನ ಬಿಎಲ್‌ಎಫ್ ಕ್ರಿಪ್ಟ್ ಅಂತ ಕರೆಯತ್ತೆ. ಇದರಲ್ಲಿ ಒಂದು ಗಮನಿಸ್ಬೇಕಾದ್ದು, ಹ್ಯಾಶ್ ಮಾಡಿಕೊಡೋ ಡವ್‌ಅಡ್ಮ್ ಪಿಡಬ್ಲ್ಯೂ ಕಮಾಂಡ್ ಸುಮ್ನೆ ಓಡಿಸಿದ್ರೆ ರೌಂಡ್ಸ್ (ಹ್ಯಾಶ್ ಲೆಕ್ಕ ಎಷ್ಟು ಭಾರ ಅನ್ನೋ ಅಂಕಿ) ಬರೀ 5 ಇಟ್ಕೊಳ್ಳತ್ತೆ, ತೀರಾ ಕಮ್ಮಿ. ರೌಂಡ್ಸ್ ಒಂದೊಂದು ಜಾಸ್ತಿ ಮಾಡಿದ್ರೂ ಕೆಲಸ ಎರಡರಷ್ಟು ಆಗತ್ತೆ, ಅದಕ್ಕೆ ಮೈನಸ್ ಆರ್ 10 ಅಂತ ಕೊಟ್ಟೆ, ಅಂದ್ರೆ 5ಕ್ಕಿಂತ 32 ಪಟ್ಟು ಭಾರ.

ಇನ್ನೂ ಜಾಸ್ತಿ ಯಾಕೆ ಕೊಡ್ಲಿಲ್ಲ ಅಂದ್ರೆ ರೌಂಡ್‌ಕ್ಯೂಬ್. ವೆಬ್‌ಮೇಲ್‌ನಲ್ಲಿ ಯೂಸರ್ ಒಂದೊಂದು ಕ್ಲಿಕ್ ಮಾಡಿದಾಗಲೂ ಅದು ಐಮ್ಯಾಪ್‌ಗೆ ಹೊಸದಾಗಿ ಲಾಗಿನ್ ಆಗತ್ತೆ, ಪ್ರತಿ ಸಲ ಆ ಭಾರದ ಹ್ಯಾಶ್ ಲೆಕ್ಕ ಆಗ್ಬೇಕು. ಅದಕ್ಕೆ ಆಥ್ ಕ್ಯಾಶ್ ಆನ್ ಮಾಡಿರ್ತಾರೆ, ನಮ್ಮಲ್ಲೂ ಆನ್ ಇದೆ. ಆ ಕ್ಯಾಶ್‌ನಿಂದಲೇ ರೀಸೆಟ್ ಮಾಡೋವಾಗ ಒಂದು ತಲೆನೋವು. ಡೀಫಾಲ್ಟ್ ಆಯಸ್ಸು ಒಂದು ಗಂಟೆ. ಹೊಸ ಪಾಸ್‌ವರ್ಡ್ ಹಾಕಿದ್ರೆ ಡವ್‌ಕಾಟ್ ಜಾಣತನದಿಂದ ಕ್ಯಾಶ್ ಪಕ್ಕಕ್ಕಿಟ್ಟು ಡೇಟಾಬೇಸ್ ನೋಡತ್ತೆ, ಹೊಸದು ತಕ್ಷಣ ಕೆಲಸ ಮಾಡತ್ತೆ, ನೀವು ಟೆಸ್ಟ್ ಮಾಡಿ ಸರಿಯಾಗಿದೆ ಅಂತ ಎದ್ದು ಹೋಗ್ತೀರಿ. ಆದ್ರೆ ಹೊಸದ್ರಲ್ಲಿ ಇನ್ನೂ ಯಾರೂ ಲಾಗಿನ್ ಆಗಿಲ್ಲ ಅಂದ್ರೆ ಕ್ಯಾಶ್‌ನಲ್ಲಿ ಕೂತಿರೋದು ಹಳೇದೇ, ಆ ಹಳೇದು ಹಾಕಿದವನನ್ನೂ ಒಳಗೆ ಬಿಡತ್ತೆ. ಅದಕ್ಕೇ ನಾನು ಹೇಳೋದು, ಟೆಸ್ಟ್ ಮಾಡ್ಬೇಕಾದ್ದು ಹೊಸ ಪಾಸ್‌ವರ್ಡ್ ಒಂದೇ ಅಲ್ಲ. ಡವ್‌ಅಡ್ಮ್ ಆಥ್ ಟೆಸ್ಟ್ ಕೊಟ್ಟು ಮೊದ್ಲು ಹಳೇದನ್ನ ಹಾಕಿ, ಅದು ಫೇಲ್ ಆಗ್ಬೇಕು. ಪ್ಲೇನ್ ಇದ್ದ ಅಕೌಂಟ್‌ಗಳಲ್ಲಿ ಹಳೇದು ಕಣ್ಣ ಮುಂದೆನೇ ಇತ್ತಲ್ಲ, ಅಲ್ಲೂ, ಬೇಕಂತಲೇ ಮಾಡಿಟ್ಟ ಒಂದು ಟೆಸ್ಟ್ ಅಕೌಂಟಲ್ಲೂ ಹೀಗೆ ನೋಡಿ, ಫ್ಲಶ್ ಸ್ಟೆಪ್ ನಿಜವಾಗ್ಲೂ ಕೆಲಸ ಮಾಡ್ತಿದೆ ಅಂತ ಖಾತ್ರಿ ಆದ ಮೇಲೇ ಮುಂದೆ ಹೋಗಿದ್ದು.

ಪಾಸ್‌ವರ್ಡ್ ಎಲ್ಲೆಲ್ಲಿ ಬರೆದಿಟ್ಟಿದ್ದಾರೆ

ಇದು ಬೋರ್ ಹೊಡೆಸೋ ಕೆಲಸ, ಆದ್ರೆ ಇದನ್ನ ಮಾಡಿಲ್ಲಾಂದ್ರೆ ರೀಸೆಟ್ ಆದ ದಿನ ಆಫೀಸ್ ನಿಂತು ಹೋಗತ್ತೆ. ಮನುಷ್ಯರು ಟೈಪ್ ಮಾಡೋ ಪಾಸ್‌ವರ್ಡ್‌ಗಿಂತ ಮಷಿನ್‌ಗಳು ಹಾಕೋ ಪಾಸ್‌ವರ್ಡೇ ಜಾಸ್ತಿ. ಮತ್ತೆ ಆ ಸಾಸಲ್ ಯೂಸರ್‌ನೇಮ್ ಲಾಗೇ ಸಹಾಯಕ್ಕೆ ಬಂತು, ಒಂದೊಂದು ಯೂಸರ್‌ಗೂ ಯಾವ್ಯಾವ ಐಪಿಯಿಂದ ಲಾಗಿನ್ ಬರ್ತಿದೆ ಅಂತ ಪಟ್ಟಿ ಮಾಡಿದೆ, ಡವ್‌ಕಾಟ್ ಲಾಗ್‌ನಲ್ಲೂ ಹಾಗೇ ಪ್ರತಿ ಲಾಗಿನ್‌ಗೆ ಆರ್‌ಐಪಿ ಅಂತ ಆ ಕಡೆಯ ಐಪಿ ಬರತ್ತೆ. ರಾತ್ರಿ ಸರಿಯಾಗಿ ಒಂದೇ ಟೈಮಿಗೆ ದಿನಾ ಒಂದು ಲಾಗಿನ್ ಇದ್ರೆ ಅದು ಮನುಷ್ಯ ಅಲ್ಲ, ಯಾವುದೋ ರಿಪೋರ್ಟ್ ಕಳಿಸೋ ಪ್ರೋಗ್ರಾಂ. ಹಾಗೆ ಹುಡುಕ್ತಾ ಸಿಕ್ಕಿದ್ದು, ಸ್ಕ್ಯಾನ್ ಮಾಡಿ ಮೇಲ್ ಕಳಿಸೋ ಜೆರಾಕ್ಸ್ ಮಷಿನ್ ಒಬ್ಬ ಮ್ಯಾನೇಜರ್ ಅಕೌಂಟ್ ಉಪಯೋಗಿಸ್ತಾ ಇದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಅಕೌಂಟ್ಸ್ ವಿಭಾಗದವರ ಸ್ವಂತ ಅಕೌಂಟಿಂದ ಇನ್‌ವಾಯ್ಸ್ ಕಳಿಸ್ತಾ ಇದೆ, ವೆಬ್‌ಸೈಟಿನ ಕಾಂಟ್ಯಾಕ್ಟ್ ಫಾರಂ ಕೆಲಸ ಬಿಟ್ಟು ಹೋದವರೊಬ್ಬರ ಅಕೌಂಟ್ ಮೇಲೆ ನಿಂತಿದೆ. ಕೊನೇದಂತೂ ನೋಡಿ ನಿಜವಾಗ್ಲೂ ಕಸಿವಿಸಿ ಆಯ್ತು, ಆ ವ್ಯಕ್ತಿ ಹೋಗಿ ಎಷ್ಟೋ ಕಾಲ ಆದ್ರೂ ಅವರ ಮೇಲ್‌ಬಾಕ್ಸ್ ಹಳೇ ಪಾಸ್‌ವರ್ಡ್‌ನಲ್ಲೇ ತೆರೆದಿದೆ ಅಂತ ಅರ್ಥ.

ಮಷಿನ್‌ಗಳಿಗೆ ಎಲ್ಲಾ ಬೇರೆ ಬೇರೆ ಅಕೌಂಟ್ ಮಾಡಿದೆ, ಸ್ಕ್ಯಾನರ್‌ಗೆ ಒಂದು, ಬಿಲ್ಲಿಂಗ್‌ಗೆ ಒಂದು, ವೆಬ್‌ಸೈಟ್‌ಗೆ ಒಂದು. ಅವಕ್ಕೆ ಐಮ್ಯಾಪ್ ಬೇಡವೇ ಬೇಡ, ಕಳಿಸೋಕೆ ಮಾತ್ರ ಬಿಟ್ಟೆ. ಆಫೀಸ್ ಒಳಗೇ ಇರೋದಕ್ಕೆ ಆಫೀಸ್ ಐಪಿಯಿಂದ ಮಾತ್ರ ಲಾಗಿನ್, ವೆಬ್‌ಸೈಟ್ ಅಕೌಂಟ್‌ಗೆ ಆ ಹೋಸ್ಟಿಂಗ್ ಐಪಿಯಿಂದ ಮಾತ್ರ. ಪೋಸ್ಟ್‌ಫಿಕ್ಸ್‌ನಲ್ಲಿ ಸೆಂಡರ್ ಲಾಗಿನ್ ಮ್ಯಾಪ್ಸ್ (ಯಾವ ಅಡ್ರೆಸ್ ಯಾವ ಲಾಗಿನ್‌ಗೆ ಅನ್ನೋ ಪಟ್ಟಿ) ಬರೆದು, ಲಾಗಿನ್ ಆದ ಯೂಸರ್ ತನ್ನ ಅಡ್ರೆಸ್ ಬಿಟ್ಟು ಬೇರೆಯವರ ಹೆಸರಲ್ಲಿ ಕಳಿಸೋಕೆ ಹೋದ್ರೆ ರಿಜೆಕ್ಟ್ ಆಗೋ ಹಾಗೂ ಮಾಡಿದೆ. ಈ ರೂಲ್ ಹಾಕಿದ ಮೇಲೆ ಇನ್ನೂ ಯಾರ್ಯಾರು ಯಾರ್ಯಾರ ಹೆಸರಲ್ಲಿ ಕಳಿಸ್ತಿದ್ರು ಅಂತ ತಾನಾಗೇ ಲಾಗ್‌ಗೆ ಬಂತು.

ಇನ್ಫೋ, ಸೇಲ್ಸ್ ಅಂತ ನಾಲ್ಕೈದು ಜನ ಸೇರಿ ನೋಡೋ ಮೇಲ್‌ಬಾಕ್ಸ್‌ಗಳ ವಿಷಯ ಬೇರೆ. ಒಂದು ಪಾಸ್‌ವರ್ಡ್ ಐದು ಜನಕ್ಕೆ ಗೊತ್ತಿದ್ರೆ ಅದು ಗುಟ್ಟಾಗಿ ಉಳಿಯಲ್ಲ, ಒಬ್ಬರು ಬಿಟ್ಟು ಹೋದಾಗ ಬದಲಾಯಿಸೋಕೆ ಉಳಿದವರಿಗೆಲ್ಲಾ ತೊಂದ್ರೆ ಅಂತ ಯಾರೂ ಬದಲಾಯಿಸೋದೂ ಇಲ್ಲ. ಡವ್‌ಕಾಟ್‌ನ ಎಸಿಎಲ್ (ಯಾರಿಗೆ ಯಾವ ಫೋಲ್ಡರ್ ಅನ್ನೋ ಪರ್ಮಿಷನ್ ಪಟ್ಟಿ) ಉಪಯೋಗಿಸಿ ಅವನ್ನ ಶೇರ್ಡ್ ಫೋಲ್ಡರ್ ಮಾಡಿದೆ, ಅವರವರ ಲಾಗಿನ್‌ನಲ್ಲೇ ಆ ಫೋಲ್ಡರ್ ಕಾಣತ್ತೆ, ಆ ಹೆಸರಲ್ಲಿ ಉತ್ತರ ಕಳಿಸೋ ಹಕ್ಕನ್ನೂ ಸೆಂಡರ್ ಲಾಗಿನ್ ಮ್ಯಾಪ್ಸ್‌ನಲ್ಲಿ ಅವರಿಗೆ ಮಾತ್ರ ಕೊಟ್ಟೆ. ಆ ಅಕೌಂಟ್‌ಗಳಿಗೆ ಈಗ ಪಾಸ್‌ವರ್ಡೇ ಇಲ್ಲ.

ತಾತ್ಕಾಲಿಕ ಪಾಸ್‌ವರ್ಡ್

ಟೆಂಪರರಿ ಪಾಸ್‌ವರ್ಡ್‌ನ ರ‍್ಯಾಂಡಮ್ ಅಕ್ಷರ ಚಿಹ್ನೆ ಕಲಸಿ ಮಾಡ್ಬಹುದಿತ್ತು, ಆದ್ರೆ ಜನ ಅದನ್ನ ಫೋನಲ್ಲಿ ನೋಡ್ಕೊಂಡು ಟೈಪ್ ಮಾಡ್ಬೇಕು, ಸೊನ್ನೆ ಯಾವುದು ಓ ಯಾವುದು, ಒಂದು ಯಾವುದು ಸ್ಮಾಲ್ ಎಲ್ ಯಾವುದು ಅಂತ ಒದ್ದಾಡ್ತಾರೆ. ಅದಕ್ಕೆ ಡೈಸ್‌ವೇರ್ ರೀತಿ ಪದಗಳ ಪಟ್ಟಿಯಿಂದ ಆರಿಸಿದೆ. ಆ ಪಟ್ಟಿಯಲ್ಲಿ 7776 ಪದ ಇರತ್ತೆ, ಐದು ದಾಳ ಉರುಳಿಸಿದ್ರೆ ಬರೋ ಸಾಧ್ಯತೆಗಳ ಲೆಕ್ಕ ಅದು, ಒಂದು ಪದಕ್ಕೆ ಹತ್ತಿರ ಹತ್ತಿರ 12.9 ಬಿಟ್ (ಒಂದು ಬಿಟ್ ಜಾಸ್ತಿ ಆದ್ರೆ ಊಹೆ ಮಾಡೋ ಕೆಲಸ ಎರಡರಷ್ಟು). ನಾಲ್ಕು ಪದ ಅಂದ್ರೆ 51 ಬಿಟ್ ಮೇಲೆ, ಕೆಲವೇ ದಿನ ಬದುಕೋ ಪಾಸ್‌ವರ್ಡ್‌ಗೆ ಧಾರಾಳ. ಪದ ಆರಿಸೋದು ಕಂಪ್ಯೂಟರೇ ಮಾಡ್ಬೇಕು, ನಾವು ಕೂತು ಚೆನ್ನಾಗಿರೋ ಪದ ಆರಿಸಿದ್ರೆ ಆ ಲೆಕ್ಕ ಎಲ್ಲಾ ಬಿದ್ದು ಹೋಗತ್ತೆ.

ಒಬ್ಬರು ಕೇಳಿದ್ರು, ಸಾರ್ ಕನ್ನಡದಲ್ಲೇ ಪಾಸ್‌ವರ್ಡ್ ಇಟ್ಕೋಬಹುದಾ ಅಂತ. ಒಳ್ಳೇ ಪ್ರಶ್ನೆ, ನನಗೂ ಆಸೆನೇ. ಆದ್ರೆ ಕಂಪ್ಯೂಟರ್ ಅಕ್ಷರ ಬರೆದಿಡೋ ಯುಟಿಎಫ್8 ರೀತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಅಕ್ಷರ, ಚಿಹ್ನೆ ಅಂಥ ಒಂದೊಂದು ತುಂಡಿಗೂ) 3 ಬೈಟ್ ಬೇಕು, ಬಿಕ್ರಿಪ್ಟ್ ನೋಡೋದು ಮೊದಲ 72 ಬೈಟ್ ಮಾತ್ರ, ಅಂದ್ರೆ 24 ಕೋಡ್‌ಪಾಯಿಂಟ್, ಒತ್ತಕ್ಷರ ಕಾಗುಣಿತ ಎಲ್ಲಾ ಬೇರೆ ಬೇರೆ ಎಣಿಕೆ ಆಗೋದ್ರಿಂದ ಎರಡು ಮೂರು ಪದಕ್ಕೇ ಮುಗಿಯತ್ತೆ. ಅದಕ್ಕಿಂತ ದೊಡ್ಡ ತೊಂದ್ರೆ ಕೀಬೋರ್ಡ್. ಅರ್ಧಾಕ್ಷರ ಬಿಡಿಸಿ ತೋರಿಸೋಕೆ ಮಧ್ಯೆ ಕಣ್ಣಿಗೆ ಕಾಣದ ಒಂದು ನಾನ್-ಜಾಯಿನರ್ ಅಕ್ಷರ ಬರತ್ತಲ್ಲ, ಒಂದು ಕೀಬೋರ್ಡ್ ಅದನ್ನ ಹಾಕತ್ತೆ ಇನ್ನೊಂದು ಹಾಕಲ್ಲ, ಹಾಗೇ ಓಕಾರದ ಚಿಹ್ನೆಯನ್ನ ಒಂದೇ ಕೋಡ್ ಆಗಿ ಬರೀಬಹುದು, ಬಿಡಿ ಬಿಡಿ ಭಾಗಗಳಾಗೂ ಬರೀಬಹುದು. ಪಾಸ್‌ವರ್ಡ್ ಟೈಪ್ ಮಾಡೋವಾಗ ಕಾಣೋದು ಬರೀ ಚುಕ್ಕಿ, ಎಲ್ಲಿ ತಪ್ಪಿದೆ ಅಂತ ಕಂಡುಹಿಡಿಯೋಕೇ ಆಗಲ್ಲ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಇರ್ಲಿ, ಗಾದೆ ಹಾಡು ಬೇಡ ಅಂತ ಹೇಳಿದೆ. ಅವರು ಖುಷಿಯಾಗಿ ಹಾಗೇ ಮಾಡಿದ್ರು.

ಸ್ಕ್ರಿಪ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಯೂಸರ್ ಪಟ್ಟಿ ಓದು, ನಾಲ್ಕು ಪದ ಆರಿಸು, ಡವ್‌ಅಡ್ಮ್ ಪಿಡಬ್ಲ್ಯೂಗೆ ಕೊಟ್ಟು ಹ್ಯಾಶ್ ತಗೋ, ಟೇಬಲ್‌ಗೆ ಬರಿ, ಕ್ಯಾಶ್ ಫ್ಲಶ್, ಕಿಕ್. ಒಂದೇ ಜಾಗ್ರತೆ, ಪಾಸ್‌ವರ್ಡ್‌ನ ಕಮಾಂಡ್ ಲೈನಲ್ಲಿ ಮೈನಸ್ ಪಿ ಅಂತ ಕೊಡ್ಬೇಡಿ, ಅದು ಓಡ್ತಿರೋವಾಗ ಪಿಎಸ್ (ಓಡ್ತಿರೋ ಪ್ರೋಗ್ರಾಂಗಳ ಪಟ್ಟಿ ತೋರಿಸೋ ಕಮಾಂಡ್) ಹೊಡೆದವರಿಗೆ ಕಾಣತ್ತೆ, ಕೈಯಲ್ಲಿ ಟೈಪ್ ಮಾಡಿದ್ರೆ ಶೆಲ್ ಹಿಸ್ಟರಿಯಲ್ಲೂ ಉಳಿಯತ್ತೆ. ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಎರಡು ಸಲ ಕೊಟ್ರೆ ಅದೇ ಓದ್ಕೊಳ್ಳತ್ತೆ. ಓಡಿಸೋಕೆ ಮುಂಚೆ ಟೇಬಲ್ ಡಂಪ್ (ಪೂರ್ತಿ ಕಾಪಿ) ತೆಗೆದು ಬೇರೆ ಮಷಿನ್‌ಗೆ ಹಾಕಿದ್ದೆ.

ಈಗ ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟ ಆದ ಭಾಗ. ವಿಂಡೋಸ್ ಡೊಮೈನ್‌ನಲ್ಲಿ ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಲೇಬೇಕು ಅಂತ ಒಂದು ಟಿಕ್ ಇರತ್ತಲ್ಲ, ಐಮ್ಯಾಪ್‌ನಲ್ಲಿ ಅಂಥದ್ದು ಕೆಲಸಕ್ಕೆ ಬರಲ್ಲ, ಫೋನಿನ ಮೇಲ್ ಆ್ಯಪ್‌ಗೆ ಪಾಸ್‌ವರ್ಡ್ ಬದಲಾಯಿಸು ಅಂತ ಸರ್ವರ್ ಒತ್ತಾಯ ಮಾಡೋಕೆ ದಾರಿ ಇಲ್ಲ. ಹಾಗೇ ಬಿಟ್ರೆ ನಾನು ಕೊಟ್ಟ ಟೆಂಪರರಿ ಪಾಸ್‌ವರ್ಡೇ ವರ್ಷಗಟ್ಟಲೆ ಇರತ್ತೆ. ಅದಕ್ಕೆ ಡವ್‌ಕಾಟ್‌ನ ಅಲೋ ನೆಟ್ಸ್ ಅನ್ನೋ ಫೀಲ್ಡ್ ಹಿಡ್ಕೊಂಡೆ. ಪಾಸ್‌ವರ್ಡ್ ಕ್ವೆರಿ ಆ ಹೆಸರಲ್ಲಿ ಏನು ಕೊಡತ್ತೋ ಆ ನೆಟ್‌ವರ್ಕಿಂದ ಮಾತ್ರ ಆ ಯೂಸರ್ ಲಾಗಿನ್ ಆಗ್ಬಹುದು. ಟೇಬಲ್‌ಗೆ ಟೆಂಪ್ ಅಂತ ಒಂದು ಕಾಲಂ ಸೇರಿಸಿ, ಅದು 1 ಇದ್ರೆ 127.0.0.1 (ಲೋಕಲ್‌ಹೋಸ್ಟ್, ಅಂದ್ರೆ ಅದೇ ಮಷಿನ್) ಮತ್ತೆ ಅದರ ಐಪಿವಿ6 ಜೊತೆಗಾರ, 0 ಇದ್ರೆ ಎಲ್ಲಾ ಕಡೆಯಿಂದ, ಅಂತ ಕ್ವೆರಿ ಬದಲಾಯಿಸಿದೆ. ರೌಂಡ್‌ಕ್ಯೂಬ್ ಅದೇ ಮಷಿನ್‌ನಲ್ಲಿ ಇರೋದ್ರಿಂದ ಅದು ಲೋಕಲ್‌ಹೋಸ್ಟಿಂದಾನೇ ಲಾಗಿನ್ ಆಗೋದು. ಪರಿಣಾಮ ಏನಾಯ್ತು ಅಂದ್ರೆ ಟೆಂಪರರಿ ಪಾಸ್‌ವರ್ಡ್ ವೆಬ್‌ಮೇಲ್‌ನಲ್ಲಿ ಬಿಟ್ಟು ಬೇರೆಲ್ಲೂ ಕೆಲಸ ಮಾಡಲ್ಲ, ಫೋನಲ್ಲಿ ಹಾಕಿದ್ರೂ ಆಗಲ್ಲ, ಎಸ್‌ಎಂಟಿಪಿಯಲ್ಲೂ ಆಗಲ್ಲ ಯಾಕಂದ್ರೆ ಪೋಸ್ಟ್‌ಫಿಕ್ಸ್ ಹೊರಗಿನವರ ಐಪಿಯನ್ನ ಡವ್‌ಕಾಟ್‌ಗೆ ದಾಟಿಸತ್ತೆ. ವೆಬ್‌ಮೇಲ್‌ಗೆ ಬಂದು ಪಾಸ್‌ವರ್ಡ್ ಪ್ಲಗಿನ್‌ನಲ್ಲಿ ಹೊಸದು ಇಟ್ರೆ, ಅದರ ಅಪ್‌ಡೇಟ್ ಕ್ವೆರಿಯಲ್ಲೇ ಟೆಂಪ್ 0 ಅಂತಾನೂ ಸೇರಿಸಿದ್ದೀನಿ, ಅಲ್ಲಿಗೆ ಬಾಗಿಲು ಪೂರ್ತಿ ತೆರೆಯತ್ತೆ. ಯಾರನ್ನೂ ಬದಲಾಯಿಸಿ ಬದಲಾಯಿಸಿ ಅಂತ ಬೆನ್ನು ಹತ್ತೋದೇ ಬೇಡ, ಫೋನಿಗೆ ಮೇಲ್ ಬೇಕಂದ್ರೆ ಅವರೇ ಬದಲಾಯಿಸ್ತಾರೆ.

ಪ್ಲಗಿನ್‌ನಲ್ಲಿ ಕನಿಷ್ಠ ಉದ್ದ 15 ಇಟ್ಟೆ. ದೊಡ್ಡಕ್ಷರ ಬೇಕು ಚಿಹ್ನೆ ಬೇಕು ಅಂತ ಯಾವ ರೂಲೂ ಇಲ್ಲ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅನ್ನೋದೂ ಇಲ್ಲ. ಇದಕ್ಕೆ ಮೇಲಿನವರು ಸ್ವಲ್ಪ ತಕರಾರು ತೆಗೆದ್ರು, ಸೆಕ್ಯುರಿಟಿ ಅಂದ್ರೆ ಬದಲಾಯಿಸ್ತಾ ಇರ್ಬೇಕಲ್ವಾ ಅಂತ. ಅಮೆರಿಕದ ನಿಸ್ಟ್ ಸಂಸ್ಥೆ 2017ರ ಗೈಡ್‌ಲೈನ್‌ನಲ್ಲೇ ಸುಮ್ಸುಮ್ನೆ ಅವಧಿಗೊಮ್ಮೆ ಬದಲಾಯಿಸೋಕೆ ಒತ್ತಾಯ ಮಾಡ್ಬೇಡಿ ಅಂದಿದೆ, 2025ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಪಾಸ್‌ವರ್ಡ್ ಒಂದೇ ಕಾವಲು ಇರೋ ಕಡೆ ಕನಿಷ್ಠ 15 ಅಕ್ಷರ ಇರ್ಲಿ ಅಂತಿದೆ. ಅದನ್ನ ತೋರಿಸಿದೆ, ಒಪ್ಪಿದ್ರು. ಮೂರು ತಿಂಗಳಿಗೊಮ್ಮೆ ಬದಲಾಯಿಸು ಅಂದ್ರೆ ಜನ ಕೊನೆಯಲ್ಲಿರೋ 1ನ್ನ 2 ಮಾಡ್ತಾರೆ, ಅಷ್ಟೇ ಆಗೋದು.

ಕೈಗೆ ತಲುಪಿಸೋದು

ಹೊಸ ಪಾಸ್‌ವರ್ಡ್‌ನ ಅದೇ ಮೇಲ್‌ಬಾಕ್ಸಿಗೆ ಮೇಲ್ ಮಾಡೋ ಹಾಗಿಲ್ಲ, ಅವರು ಓದೋಕಾಗಲ್ಲ, ಒಳಗೆ ಇರೋ ಕಳ್ಳ ಓದ್ತಾನೆ. ಆಫೀಸಲ್ಲಿ ಇರೋರಿಗೆ ಚೀಟಿಯಲ್ಲಿ ಬರೆದು ಕೈಗೇ ಕೊಟ್ಟೆ, ಎದುರಿಗೇ ವೆಬ್‌ಮೇಲ್ ತೆರೆದು ಬದಲಾಯಿಸಿ ಚೀಟಿ ವಾಪಸ್ ತಗೊಂಡು ಹರಿದೆ. ಹೊರಗಡೆ ಇರೋರಿಗೆ ಮಾತ್ರ ಫೋನು, ಅದೂ ಅವರು ಮಾಡಿದ ಕಾಲ್‌ನಲ್ಲಿ ಅಲ್ಲ, ಎಚ್ಆರ್ ರೆಕಾರ್ಡ್‌ನಲ್ಲಿರೋ ನಂಬರಿಗೆ ನಾನೇ ವಾಪಸ್ ಮಾಡಿ. ಒಬ್ಬ ಮೇಡಂ ಬೇರೆ ನಂಬರಿಂದ ಫೋನ್ ಮಾಡಿ ಅರ್ಜೆಂಟಾಗಿದೆ ಈಗ್ಲೇ ಹೇಳಿ ಅಂತ ಸಿಟ್ಟಾದ್ರು, ಮೇಡಂ ದಯವಿಟ್ಟು ಎರಡೇ ನಿಮಿಷ, ರೆಕಾರ್ಡ್‌ನಲ್ಲಿರೋ ನಿಮ್ಮ ನಂಬರಿಗೆ ಮಾಡ್ತೀನಿ ಅಂದೆ. ಆ ನಂಬರಲ್ಲಿ ಅವರೇ ಎತ್ತಿದ್ರು. ಅವರ ಸಿಟ್ಟು ನ್ಯಾಯವಾದದ್ದೇ, ಆದ್ರೆ ಈ ನಿಯಮ ಯಾರಿಗೂ ಸಡಿಲ ಮಾಡ್ಬಾರ್ದು, ಮೇಲ್ ಸಿಕ್ಕವನಿಗೆ ಉಳಿದ ಎಷ್ಟೋ ಅಕೌಂಟ್‌ಗಳ ಫರ್ಗಾಟ್ ಪಾಸ್‌ವರ್ಡ್ ಲಿಂಕ್ ಬಂದು ಬೀಳೋದು ಅಲ್ಲೇ. ಅರ್ಜೆಂಟ್ ಅನ್ನೋ ಮಾತೇ ಮೋಸಗಾರರು ಎಲ್ಲಕ್ಕಿಂತ ಜಾಸ್ತಿ ಉಪಯೋಗಿಸೋದು.

ಎಲ್ಲರದ್ದೂ ಒಂದೇ ದಿನ ಮಾಡದೆ ವಿಭಾಗ ವಿಭಾಗವಾಗಿ ಹೋದೆ, ಅಕೌಂಟ್ಸ್‌ನವರದ್ದು ತಿಂಗಳ ಕೊನೆ ದಾಟಿದ ಮೇಲೆ. ಅಷ್ಟಾದ್ರೂ ಮೊದಲನೇ ವಿಭಾಗ ಮುಗಿಸಿದ ಸ್ವಲ್ಪ ಹೊತ್ತಿಗೆ ಇಡೀ ಆಫೀಸಿಗೇ ಮೇಲ್ ನಿಂತು ಹೋಯ್ತು. ಕಾರಣ ಫೇಲ್‌ಟುಬ್ಯಾನ್, ಲಾಗಿನ್ ಪದೇ ಪದೇ ಫೇಲ್ ಆದ ಐಪಿಯನ್ನ ಬ್ಲಾಕ್ ಮಾಡೋ ಪ್ರೋಗ್ರಾಂ. ಹಳೇ ಪಾಸ್‌ವರ್ಡ್ ನೆನಪಿಟ್ಕೊಂಡಿರೋ ಫೋನುಗಳು ಬಿಡದೆ ಬಡೀತಾ ಇರ್ತಾವೆ, ಹೊರಗಿಂದ ನೋಡಿದ್ರೆ ಆಫೀಸಿನ ಎಲ್ಲಾ ಡಿವೈಸ್‌ಗೂ ಒಂದೇ ಐಪಿ, ಡೀಫಾಲ್ಟಲ್ಲಿ 10 ನಿಮಿಷದಲ್ಲಿ 5 ಸಲ ಫೇಲ್ ಆದ್ರೆ ಬ್ಯಾನ್. ಮೊದಲೇ ಯೋಚಿಸಿ ಆಫೀಸ್ ಐಪಿಯನ್ನ ಇಗ್ನೋರ್ ಐಪಿ ಪಟ್ಟಿಗೆ ಸೇರಿಸೋ ಲೈನ್ ರೆಡಿ ಇಟ್ಟಿದ್ದರಿಂದ ಬೇಗ ಸರಿ ಆಯ್ತು, ನೀವು ಮಾಡೋದಾದ್ರೆ ಶುರು ಮಾಡೋಕೆ ಮುಂಚೇನೇ ಹಾಕ್ಬಿಡಿ. ಮನೆಯಿಂದ ಕೆಲಸ ಮಾಡೋರಿಗೆ ಇದು ಆಗಲ್ಲ, ಅವರಿಗೆ ಮೊದ್ಲು ಫೋನಿನ ಮೇಲ್ ಆ್ಯಪ್‌ನಲ್ಲಿ ಅಕೌಂಟ್ ಆಫ್ ಮಾಡಿ, ವೆಬ್‌ಮೇಲ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಆನ್ ಮಾಡಿ ಹೊಸದು ಹಾಕಿ ಅಂತ ಹೇಳಿಕೊಟ್ಟೆ. ಐಮ್ಯಾಪ್‌ಗೂ ಎಸ್‌ಎಂಟಿಪಿಗೂ ಪಾಸ್‌ವರ್ಡ್ ಎರಡು ಕಡೆ ಬೇರೆ ಬೇರೆ ಹಾಕ್ಬೇಕು ಅನ್ನೋದನ್ನ ಬಿಡಿಸಿ ಹೇಳ್ಬೇಕು. ಮೇಲ್ ಬರ್ತಿದೆ ಆದ್ರೆ ಹೋಗ್ತಿಲ್ಲ ಅಂತ ಯಾರಾದ್ರೂ ಬಂದ್ರೆ ಹತ್ತರಲ್ಲಿ ಒಂಬತ್ತು ಸಲ ಅದೇ.

ಕೊನೆಗೆ ಟೇಬಲ್‌ನಲ್ಲಿ ಪಾಸ್‌ವರ್ಡ್ ಇರೋದ್ರಲ್ಲಿ ಬಿಎಲ್‌ಎಫ್ ಕ್ರಿಪ್ಟ್ ಅಂತ ಶುರು ಆಗದ ಲೈನ್ ಎಷ್ಟಿದೆ ಅಂತ ಕೇಳಿದ್ರೆ ಸೊನ್ನೆ ಬಂತು. ಟೆಂಪ್ ಇನ್ನೂ 1 ಇರೋ ಅಕೌಂಟ್‌ಗಳನ್ನ ಒಂದೊಂದಾಗಿ ಎಚ್ಆರ್ ಜೊತೆ ಕೂತು ನೋಡಿದ್ವಿ, ಕೆಲವರು ರಜೆಯಲ್ಲಿ, ಉಳಿದವರು ಕೆಲಸ ಬಿಟ್ಟು ಹೋದವರು. ಬಿಟ್ಟವರದ್ದೆಲ್ಲಾ ಲಾಗಿನ್ ಬಂದ್ ಮಾಡಿ, ಮೇಲ್ ಬೇಕಾದ ವಿಭಾಗಕ್ಕೆ ಏಲಿಯಾಸ್ ಕೊಟ್ಟೆ, ಅಂದ್ರೆ ಆ ಅಡ್ರೆಸ್‌ಗೆ ಬಂದದ್ದು ಅವರಿಗೆ ಹೋಗೋ ಹಾಗೆ. ಆಫೀಸ್ ಐಪಿಯನ್ನ ಇಗ್ನೋರ್ ಪಟ್ಟಿಯಿಂದ ವಾಪಸ್ ತೆಗೆದೆ, ಆ ಲೈನ್ ಅಲ್ಲೇ ಉಳಿದ್ರೆ ಆಫೀಸಿನ ಒಂದು ಕಂಪ್ಯೂಟರಿಗೆ ವೈರಸ್ ಬಂದ್ರೂ ಸರ್ವರ್ ಸುಮ್ನೆ ನೋಡ್ತಾ ಕೂತಿರತ್ತೆ. ಶುರುವಲ್ಲಿ ತೆಗೆದ ಆ ಡಂಪ್, ಅದರಲ್ಲಿ ಪ್ಲೇನ್ ಪಾಸ್‌ವರ್ಡ್‌ಗಳೂ ಇದ್ವಲ್ಲ, ಜನ ಅದನ್ನೇ ಬೇರೆ ಸೈಟಲ್ಲೂ ಇಟ್ಟಿರೋ ಸಾಧ್ಯತೆ ಇದೆ, ಅದನ್ನ ಅಳಿಸಿದೆ, ಹಾಗೆ ಇಟ್ಟಿದ್ರೆ ಅಲ್ಲೂ ಬದಲಾಯಿಸಿ ಅಂತ ಅವರಿಗೆಲ್ಲಾ ಹೇಳಿದೆ. ರಾತ್ರಿ ಬ್ಯಾಕಪ್‌ಗಳಲ್ಲೂ ಹಳೇ ಟೇಬಲ್ ಇರತ್ತೆ, ಅವು 30 ದಿನ ಇಟ್ಕೊಂಡು ತಾನಾಗಿ ಅಳಿಸಿ ಹೋಗೋ ಹಾಗಿವೆ, ಅಲ್ಲಿವರೆಗೆ ಆ ಫೋಲ್ಡರ್‌ಗೆ ರೂಟ್ ಬಿಟ್ಟು ಬೇರೆ ಯಾರಿಗೂ ಪರ್ಮಿಷನ್ ಇಲ್ಲ.